ದುರ್ಗದ ವಾಯಿದೆ

ವಕೀಲ ರೇವಣಸಿದ್ದಯ್ಯನವರು ಅರ್ಜಿ ಓದಿ ಮುಗಿಸಿ ನನ್ನ ಕಡೆ ತಳ್ಳಿದರು. "ಇಲ್ಲಿ ರುಜು ಹಾಕಮ್ಮ. ಹೈಕೋರ್ಟು ಒಪ್ಪಿದರೆ ಕೇಸು ಚಿತ್ರದುರ್ಗದಿಂದ ಬೆಂಗಳೂರಿಗೇ ಬರುತ್ತೆ. ರಾಜಾಜಿನಗರದಲ್ಲಿ ಬಸ್ಸು ಹತ್ತಿದರೆ ಅರ್ಧ ಗಂಟೆ."

ಅರ್ಜಿಯಲ್ಲಿ ನನ್ನ ಬಗ್ಗೆ ಇದ್ದದ್ದು ಇಷ್ಟು: ಅರ್ಜಿದಾರಳು ಬಸವರಾಜೇಶ್ವರಿ, ವಯಸ್ಸು ಇಪ್ಪತ್ತೊಂಬತ್ತು. ಗಂಡ ಅವನೂರಿನ ಕೋರ್ಟಿನಲ್ಲಿ ವಿಚ್ಛೇದನಕ್ಕೆ ಹಾಕಿದ್ದಾನೆ. ಇವಳು ಅಣ್ಣನ ಮನೆಯಲ್ಲಿದ್ದಾಳೆ. ಇನ್ನೂರು ಕಿಲೋಮೀಟರು ಹೋಗಿಬರುವುದು ಕಷ್ಟ. ಜೊತೆಗೆ ಬರುವವರು ಯಾರೂ ಇಲ್ಲ.

ಕೊನೆಯ ಮಾತಿಗೆ ನನ್ನಣ್ಣ ಶಿವಬಸಪ್ಪನ ಮುಖ ಕಪ್ಪಿಟ್ಟಿತು. "ನಾನೇನು ಸತ್ತಿದೀನಾ ಸಾರ್? ಒಂದೂವರೆ ವರ್ಷದಿಂದ ಪ್ರತಿ ವಾಯಿದೆಗೂ ಫ್ಯಾಕ್ಟರಿಗೆ ರಜೆ ಹಾಕಿ ಕರ್ಕೊಂಡು ಹೋಗ್ತಿರೋನು ಯಾರು?"

"ಹಾಗೆ ಬರೆದರೇನೇ ಅರ್ಜಿಗೆ ಬಲ."

"ಬರ್ಕೊಳ್ಳಲಿ ಬಿಡ್ರಿ," ಎಂದಳು ಅತ್ತಿಗೆ ಕಮಲಾಕ್ಷಮ್ಮ. "ಅನ್ನ ಹಾಕಿದೋರ ಹೆಸರು ಯಾವ ಕಾಗದದಲ್ಲಿ ಇರುತ್ತೆ?"

ನಾನು ಪೆನ್ನು ಹಿಡಿದು ಕೂತೇ ಇದ್ದೆ.

ಅವರಿಗೆ ಹೇಳಲಾಗದ್ದು ಒಂದಿತ್ತು. ನನ್ನನ್ನು ಹೊರಹಾಕಿದ ದಿನ ಗಂಡನ ಮನೆಯವರು ಮಗಳು ಗಿರಿಜೆಯನ್ನು ಒಳಗೇ ಇಟ್ಟುಕೊಂಡರು. ಆಮೇಲೆ ಎರಡು ಸಲ ಹೋದಾಗಲೂ ಬಾಗಿಲಿಗೆ ಚಿಲಕ. ಆದರೆ ಪ್ರತಿ ವಾಯಿದೆಗೂ ಅತ್ತೆ ಶಿವಗಂಗಮ್ಮ ಅವಳನ್ನು ಸೆರಗಿನ ಮರೆಯಲ್ಲಿ ಕೋರ್ಟಿಗೆ ಕರೆತಂದು, ನನ್ನೆದುರಿನ ಬೆಂಚಿನಲ್ಲಿ ಬೆನ್ನು ನನ್ನ ಕಡೆ ಮಾಡಿಸಿ ಕೂರಿಸುತ್ತಿದ್ದರು. ನನ್ನ ಹೊಟ್ಟೆ ಉರಿಯಲಿ ಎಂದು. "ಬಿಟ್ಟು ಹೋದವಳ ಮುಖ ಏನು ನೋಡ್ತೀ? ಆ ಕಡೆ ತಿರುಗಬೇಡ," ಎಂದು ಅವಳನ್ನು ಗದರುತ್ತಿದ್ದರು.

ಆ ಬೆನ್ನಿಗಾಗಿಯೇ ನಾನು ಚಿತ್ರದುರ್ಗಕ್ಕೆ ಹೋಗುತ್ತಿದ್ದೆ. ಯುಗಾದಿ ಹೊತ್ತಿಗೆ ಜಡೆ ಫ್ರಾಕಿನ ಕೊರಳಪಟ್ಟಿ ಮುಟ್ಟುತ್ತಿತ್ತು. ಶ್ರಾವಣಕ್ಕೆ ಅದರಿಂದ ನಾಲ್ಕು ಬೆರಳು ಕೆಳಗಿಳಿದಿತ್ತು. ನಾನು ಮುಖ ಗಂಟಿಕ್ಕಿಕೊಂಡೇ ಕೂತಿರುತ್ತಿದ್ದೆ. ನನಗೆ ಅದರಲ್ಲಿ ಒಂದಿಷ್ಟು ಸುಖವಿದೆ ಎಂದು ಗೊತ್ತಾದರೆ ಅತ್ತೆ ಮತ್ತೆ ಕರೆತರುವವರಲ್ಲ. ಬೆಂಗಳೂರಿಗಂತೂ ಅಷ್ಟು ದೂರ ಮಗುವನ್ನು ಯಾರು ತರುತ್ತಾರೆ?

ಅತ್ತಿಗೆಯ ತವರು ಅತ್ತೆಯ ಬೀದಿಯಲ್ಲೇ. ನಾನಿಲ್ಲಿ ಬಾಯಿಬಿಟ್ಟರೆ ವಾರದೊಳಗೆ ಸುದ್ದಿ ಅಲ್ಲಿರುತ್ತದೆ.

"ನಾನು ರುಜು ಹಾಕಲ್ಲ," ಎಂದೆ. "ಅವರೂರಲ್ಲೇ, ಅವರೆದುರಿಗೇ ನಿಂತು ಕೇಸು ನಡೆಸ್ತೀನಿ."

ವಕೀಲರು ಅಣ್ಣನನ್ನು ನೋಡಿದರು. ಅಣ್ಣ ನನ್ನನ್ನು ನೋಡಲಿಲ್ಲ.

"ಇಷ್ಟು ಕೊಬ್ಬು ಇರೋದಕ್ಕೇ ಅವನು ಬಿಟ್ಟಿದ್ದು," ಎಂದ ಅಣ್ಣ.

"ನಿಮ್ಮ ರಜೆಗೆ ಎಷ್ಟು ಬೆಲೆ ಕೊಟ್ಟಳು ನೋಡಿ," ಎಂದಳು ಅತ್ತಿಗೆ.

"ಇನ್ನು ಒಬ್ಬಳೇ ಹೋಗು. ನಾನು ಬರಲ್ಲ," ಎಂದು ಅಣ್ಣ ಎದ್ದ.

ಜೊತೆಗೆ ಬರುವವರು ಯಾರೂ ಇಲ್ಲ ಎಂಬ ಸಾಲು ಈಗ ನಿಜವಾಯಿತು. ವಕೀಲರು ಅರ್ಜಿಯನ್ನು ಮಡಿಸಿ ಡ್ರಾಯರಿಗೆ ಹಾಕಿದರು.

ದೀಪಾವಳಿ ಕಳೆದ ಮೇಲಿನ ವಾಯಿದೆಗೆ ಒಬ್ಬಳೇ ಹೋದೆ. ಕೋರ್ಟಿನ ಪಡಸಾಲೆಯಲ್ಲಿ ಆ ಬೆನ್ನು ಅಲ್ಲೇ ಇತ್ತು. ಜಡೆಗೆ ಕೆಂಪು ಟೇಪು. ಅತ್ತೆ ನನ್ನ ಅಕ್ಕಪಕ್ಕ ಹುಡುಕಿ ನಕ್ಕರು.

"ಏನವ್ವಾ, ಅಣ್ಣನೂ ಕೈಬಿಟ್ಟನಾ?"

ಅದುವರೆಗೆ ಒಮ್ಮೆಯೂ ತಿರುಗಿ ಮಾತಾಡದ ನಾನು, "ನಿಮ್ಮ ಮಗನಷ್ಟು ಬೇಗ ಬಿಡಲಿಲ್ಲ," ಎಂದೆ. ದನಿ ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು.

ಗಿರಿಜೆ ಬೆಚ್ಚಿ ತಿರುಗಿದಳು. ಒಂದೂವರೆ ವರ್ಷದಲ್ಲಿ ಅವಳ ಮುಖವನ್ನು ನೇರ ಕಂಡದ್ದು ಅದೇ ಮೊದಲು. ಮುಂದಿನ ಎರಡು ಹಲ್ಲು ಬಿದ್ದು ಹೊಸವು ಅರ್ಧ ಬಂದಿದ್ದವು. ಹುಬ್ಬಿನ ಮೇಲೆ ನಾನರಿಯದ ಒಂದು ಗಾಯದ ಕಲೆ.

ಅತ್ತೆ ಅವಳ ಗದ್ದ ಹಿಡಿದು ಆಚೆ ತಿರುಗಿಸಿದರು. "ಬಾಯಿ ನೋಡು ಇವಳದು. ಕೋರ್ಟು ಅನ್ನೋ ಖಬರೂ ಇಲ್ಲ."

"ಇದು ಬಾಯಿನಾ? ಇನ್ನೂ ಇದೆ, ಕೇಳಿ," ಎಂದೆ, ಮೊದಲಿಗಿಂತ ಗಟ್ಟಿಯಾಗಿ.

ಜವಾನ ಬಂದು ಗದರುವವರೆಗೂ ಬೈದೆ. ಅಷ್ಟರಲ್ಲಿ ಗಿರಿಜೆ ಮೂರು ಸಲ ನನ್ನ ಕಡೆ ತಿರುಗಿದಳು.