ವೇಗವತಿಯ ನಲವತ್ತು ನಿಮಿಷ

ಅಜ್ಜ ನಿದ್ದೆ ಮಾಡಿದ್ದು ನಿಜವೇ ಆಗಿದ್ದರೆ? ಹಾಗಿದ್ದರೆ ಹೆಸರು ತೆಗೆದದ್ದು ಉಪಕಾರ. ನಿಜವಲ್ಲದಿದ್ದರೆ? ಆಗ ಅದಕ್ಕೆ ಏನೆನ್ನಬೇಕು ಎಂದು ಹುಜೈಫಾನಿಗೆ ಹೊಳೆಯಲಿಲ್ಲ. ದಾವಣಗೆರೆಯ ಎಂ.ಸಿ.ಸಿ. ಬಿ ಬ್ಲಾಕಿನ ಡಿ.ಟಿ.ಪಿ. ಅಂಗಡಿಯಲ್ಲಿ ಕೂತು, ಪರದೆಯ ಮೇಲಿದ್ದ ಹನ್ನೊಂದನೆಯ ಪುಟದಿಂದ ತನ್ನ ಅಜ್ಜನ ಹೆಸರನ್ನು ಅಳಿಸಿ ಹತ್ತು ದಿನವಾಗಿತ್ತು. ಅಳಿಸಿದ ಜಾಗದಲ್ಲಿ ಗುರುತು ಉಳಿಯುತ್ತದೆ ಎಂದುಕೊಂಡಿದ್ದ. ಏನೂ ಉಳಿಯಲಿಲ್ಲ. ಕೆಳಗಿನ ಸಾಲು ತಾನಾಗಿ ಮೇಲೆ ಬಂದು ಕೂತಿತು.

ಅದು ಒಂದು ಹಡಗಿನ ಸೇವಾ ಚರಿತ್ರೆ. ದಾವಣಗೆರೆ, ಹರಿಹರ ಸೇರಿಸಿ ನೌಕಾಪಡೆಯ ನಿವೃತ್ತರು ಕಟ್ಟಿಕೊಂಡಿದ್ದ ಸಂಘದಲ್ಲಿ ಈಗ ಐದು ಜನ ಉಳಿದಿದ್ದರು. ಅವರ ಹಿರಿಯ ಮಲ್ಲೇಶಪ್ಪ ಆ ಹಡಗು ‘ವೇಗವತಿ’ಯ ಎಂಜಿನ್ ಕೋಣೆಯ ಮುಖ್ಯಸ್ಥರಾಗಿದ್ದವರು, ಆನಗೋಡಿನ ಕಡೆಯವರು, ಹರಿಹರದಲ್ಲಿ ನೆಲೆಸಿದವರು. ತಾವು ಹೋಗುವ ಮೊದಲು ಹಡಗಿನ ಕಥೆ ಪುಸ್ತಕವಾಗಬೇಕೆಂದು ಅವರಿಗೆ ಆಸೆ. ಇತಿಹಾಸದಲ್ಲಿ ಎಂ.ಎ. ಮಾಡಿದ, ಕನ್ನಡ ಚೆನ್ನಾಗಿ ಬರೆಯುವ ಹುಡುಗ ಎಂದು ಯಾರೋ ಹುಜೈಫಾನ ಹೆಸರು ಹೇಳಿದ್ದರು. ಮಲ್ಲೇಶಪ್ಪ ತಮ್ಮ ಬಳಿಯಿದ್ದ ಕಾಗದಗಳ ಕಟ್ಟನ್ನು ಕೊಟ್ಟು ಕಳಿಸಿದರು. ನೀನು ಯಾರ ಮೊಮ್ಮಗ ಎಂದು ಅವರು ಕೇಳಲಿಲ್ಲ, ಇವನು ಹೇಳಲಿಲ್ಲ. ಅದೇ ಹಡಗಿನಲ್ಲಿ ದುಡಿದ ಅಜ್ಜನ ಹೆಸರು ಪುಟದಲ್ಲಿ ಸಿಕ್ಕಾಗ ಹೇಳಿ ಅಚ್ಚರಿಗೊಳಿಸೋಣ ಎಂದುಕೊಂಡಿದ್ದ.

ಕಾಗದ ಓದುತ್ತ ಹೋದಂತೆ ಹಡಗಿನ ಮೇಲೆ ಪ್ರೀತಿ ಹುಟ್ಟಿತು. ಎರಡನೆಯ ಮಹಾಯುದ್ಧದ ಕಾಲಕ್ಕೆ ಪರದೇಶದಲ್ಲಿ ಅದನ್ನು ಕಟ್ಟಿದ್ದು ಕಾದಾಡಲಿಕ್ಕೆಂದು. ಆಮೇಲೆ ಫಿರಂಗಿಗಿಂತ ಸೈನಿಕರನ್ನು ಬೇಗ ಸಾಗಿಸುವ ಹಡಗು ಬೇಕಾಯಿತು. ನಾಲ್ಕು ಬಾಯ್ಲರುಗಳಲ್ಲಿ ಎರಡನ್ನು ಕಿತ್ತು, ಆ ಜಾಗದಲ್ಲಿ ನೂರರವತ್ತು ಜನ ಮಲಗುವ ಹಲಗೆಗಳನ್ನು ಜೋಡಿಸಿದರು. ಎರಡು ಹೊಗೆಕೊಳವೆ ಹೋದವು, ಪಕ್ಕಗಳಲ್ಲಿ ನಾಲ್ಕು ದೋಣಿ ಬಂದವು. ದ್ವೀಪದ ದಡಕ್ಕೆ ಓಡುವುದು, ಜನರನ್ನು ಇಳಿಸುವುದು, ಬೆಳಕು ಹರಿಯುವ ಮೊದಲು ಹಿಂದಕ್ಕೆ ಓಡುವುದು: ಪೆಸಿಫಿಕ್ಕಿನಲ್ಲಿ ಎರಡು ವರ್ಷ ಅದರ ಕೆಲಸ ಅಷ್ಟೇ. ಅರ್ಧ ಎದೆ ಕಿತ್ತುಕೊಂಡ ಮೇಲೆ ಅದನ್ನು ‘ಶೀಘ್ರ ಸಾಗಣೆ ನೌಕೆ’ ಎಂದು ಕರೆದರು. ಯುದ್ಧ ಮುಗಿದ ಮೇಲೆ ಹತ್ತು ವರ್ಷ ಯಾವುದೋ ಬಂದರಿನಲ್ಲಿ ತುಕ್ಕು ಹಿಡಿದು ನಿಂತಿದ್ದು, ಕೈ ಬದಲಾಗಿ ನಮ್ಮ ಕಡಲಿಗೆ ಬಂದು, ‘ವೇಗವತಿ’ ಆಯಿತು.

ಅಜ್ಜನ ಹೆಸರು ಸಿಕ್ಕಿತು. ಅದು ಹೀಗಿತ್ತು: ‘1971 ಡಿಸೆಂಬರ್. ಮಧ್ಯಾಹ್ನ ಮೂರು. ಸ್ಟೋಕರ್ ಮಸ್ತಾನಸಾಬ್ ಕರ್ತವ್ಯದ ವೇಳೆ ನಿದ್ರಿಸಿದ್ದರಿಂದ ಬಾಯ್ಲರುಗಳ ಬೆಂಕಿ ಆರಿ ನೌಕೆ ನಲವತ್ತು ನಿಮಿಷ ನಿಂತಿತು.’ ಮುಂದಿನ ವರ್ಷದ ಪಟ್ಟಿಯಲ್ಲಿ, ಬಾಯ್ಲರಿನ ಬೆಂಕಿ ನೋಡಿಕೊಳ್ಳುತ್ತಿದ್ದ ಆ ಸ್ಟೋಕರನ ಹೆಸರಿರಲಿಲ್ಲ.

ಹುಜೈಫಾ ಆ ಸಾಲಿನ ಮುಂದೆ ಬಹಳ ಹೊತ್ತು ಕೂತಿದ್ದ. ಪುಸ್ತಕ ಕಾಲೇಜುಗಳಿಗೆ ಹೋಗುತ್ತದೆ, ವಾಟ್ಸಪ್ಪಿನಲ್ಲಿ ಹರಿದಾಡುತ್ತದೆ. ಆ ಯುದ್ಧದಲ್ಲಿ, ಈ ಹೆಸರಿನ ಮನುಷ್ಯ, ಸೈನಿಕರು ತುಂಬಿದ ಹಡಗನ್ನು ನಡುಗಡಲಲ್ಲಿ ನಿಲ್ಲಿಸಿದ ಎಂದು ಓದಿದವರು ನಿದ್ದೆಯಷ್ಟಕ್ಕೇ ನಿಲ್ಲುತ್ತಾರೆಯೇ? ಅಜ್ಜನನ್ನು ಕೇಳಬಹುದಿತ್ತು. ಆದರೆ ಹಡಗಿನ ಬಗ್ಗೆ ಅಜ್ಜ ಆಡುತ್ತಿದ್ದದ್ದು ಎರಡೇ ಮಾತು: ಊಟಕ್ಕೆ ಖಾರ ಇರಲಿಲ್ಲ, ಕಡಲಿಗೆ ನೆರಳಿಲ್ಲ. ಉಳಿದದ್ದು ಮೌನ. ಆ ಮೌನದಲ್ಲಿ ಇದ್ದದ್ದು ಇದೇ ಇರಬೇಕು ಎಂದು ಹುಜೈಫಾ ತೀರ್ಮಾನಿಸಿ, ಆ ಸಾಲಿನಲ್ಲಿ ಹೆಸರು ಅಳಿಸಿ ‘ಸಿಬ್ಬಂದಿಯೊಬ್ಬ’ ಎಂದು ಹಾಕಿದ. ಸಿಬ್ಬಂದಿಯ ಪಟ್ಟಿಯಿಂದಲೂ ತೆಗೆದ.

ಕರಡು ಪುಟಗಳು ಮನೆಗೆ ಬಂದ ದಿನ ಅವನು ಹೊರಗೆ ಹೋಗಿದ್ದ. ಹಿಂತಿರುಗಿದಾಗ ಮಸ್ತಾನಸಾಬರು ಮನೆಯ ಮಂಡಕ್ಕಿ ಭಟ್ಟಿಯ ಕಟ್ಟೆಯ ಮೇಲೆ ಕೂತಿದ್ದರು. ತಂಗಿ ಗುಲ್ನಾಜ್ ಪುಟ ಹಿಡಿದು ಗಟ್ಟಿಯಾಗಿ ಓದುತ್ತಿದ್ದಳು. ಪಟ್ಟಿ ಮುಗಿಯಿತು. ಇನ್ನೊಂದು ಸಲ ಓದು ಎಂದರು. ಓದಿದಳು. ‘ಸಿಬ್ಬಂದಿಯೊಬ್ಬ’ನ ಸಾಲು ಬಂತು. ಅದನ್ನೂ ಎರಡು ಸಲ ಓದಿಸಿದರು.

"ನನ್ನ ಹೆಸ್ರು ಎಲ್ಲೈತೆ?"

ಗುಲ್ನಾಜ್ ಅಣ್ಣನ ಮುಖ ನೋಡಿದಳು. ಕಾಗದ ಕೊಟ್ಟವರು ಹರಿಹರದ ಮಲ್ಲೇಶಪ್ಪ ಎಂದಷ್ಟೇ ಹುಜೈಫಾ ಹೇಳಿದ. ಅದು ಸುಳ್ಳಲ್ಲ. ಎಪ್ಪತ್ತನಾಲ್ಕು ವರ್ಷದ ಅಜ್ಜ ಎದ್ದು, ಲುಂಗಿಗೆ ಅಂಟಿದ ಭತ್ತದ ಹೊಟ್ಟನ್ನು ಕೊಡವಿಕೊಂಡರು.

"ಚೀಫ್ ಇನ್ನೂ ಅದಾನಾ? ಗಾಡಿ ತಗಿ."

ನಾಳೆ ಹೋಗೋಣ, ಬಿಸಿಲು ಐತೆ ಎಂದು ಗುಲ್ನಾಜ್ ಅಂದಳು. ಬಿಸಿಲಿಗೆ ನಾನು ಹೊಸಬನಲ್ಲ ಎಂದು ಅವರು ಪ್ಯಾಂಟು ಹಾಕಿಕೊಂಡು ಬಂದರು. ಹೆದ್ದಾರಿಯಲ್ಲಿ ಸ್ಕೂಟರಿನ ಹಿಂದೆ ಕೂತ ಅಜ್ಜನ ಒಂದು ಕೈ ಹುಜೈಫಾನ ಭುಜದ ಮೇಲಿತ್ತು. ಹಳೆಯ ಸುಟ್ಟ ಗಾಯಗಳಿಂದ ಗಟ್ಟಿಯಾಗಿದ್ದ ಕೈ. ಈಗ ಹೇಳಿಬಿಡಬೇಕು ಎಂದು ಪ್ರತಿ ಲಾರಿ ದಾಟುವಾಗಲೂ ಅನ್ನಿಸಿತು. ಹಾಗೆಯೇ ಹರಿಹರ ಬಂತು.

ಮಲ್ಲೇಶಪ್ಪ ವರಾಂಡದಲ್ಲಿ ಪೇಪರು ಓದುತ್ತಿದ್ದರು. ಗೇಟಿನಲ್ಲಿ ನಿಂತವರನ್ನು ಕನ್ನಡಕ ಏರಿಸಿ, ಇಳಿಸಿ ನೋಡಿದರು. ಗುರುತು ಹತ್ತಲು ಹೆಚ್ಚು ಹೊತ್ತಾಗಲಿಲ್ಲ.

"ಏನ್ ಮಂಡಕ್ಕಿ ಸಾಬ್ರು, ಈಗ ದಾರಿ ಸಿಕ್ತಾ?"

"ಹದಿನಾಕು ಕಿಲೋಮೀಟ್ರು ಐತ್ರಿ, ಚೀಫ್. ಐವತ್ತು ವರ್ಷ ಹಿಡೀತು."

"ಕೂಡ್ರಿ, ಕೂಡ್ರಿ. ಈ ಹುಡುಗ ನಿಂಗೇನಾಗ್ಬೇಕು?"

ಮೊಮ್ಮಗ ಎಂದರು ಮಸ್ತಾನಸಾಬರು. ಮಲ್ಲೇಶಪ್ಪ ಹುಜೈಫಾನ ಕಡೆ ತಿರುಗಿದರು. ಕರಡು ಪುಟಗಳನ್ನು ಅಜ್ಜ ಅವರ ಮುಂದಿನ ಸ್ಟೂಲಿನ ಮೇಲೆ ಇಟ್ಟು, ಹನ್ನೊಂದನೆಯ ಪುಟ ತೆರೆದು, ಬೆರಳು ಊರಿದರು.

"ನಿದ್ದೆ ಅಂತ ಅವತ್ತು ಬರೆದ್ರಿ. ಇವತ್ತು ಹೆಸ್ರೂ ತೆಗೆದ್ರಿ. ಯಾಕ?"

ಮಲ್ಲೇಶಪ್ಪ ಪುಟ ಓದಿದರು. ತಾವು ಕೊಟ್ಟ ಕಾಗದದಲ್ಲಿ ಹೆಸರಿತ್ತೆಂದು ಅವರಿಗೆ ಗೊತ್ತಿತ್ತು. ಅದು ಅವರಿಗೆ ಗೊತ್ತಿದೆ ಎಂದು ಹುಜೈಫಾನಿಗೂ ಗೊತ್ತಿತ್ತು. ಅವರು ತಲೆ ಎತ್ತಿ ಅವನನ್ನೇ ನೋಡಿದರು. ಹುಜೈಫಾ ವರಾಂಡದ ಕೆಂಪು ನೆಲ ನೋಡಿದ.

"ತೆಗೀಬಾರ್ದಿತ್ತು," ಎಂದರು ಮಲ್ಲೇಶಪ್ಪ ನಿಧಾನವಾಗಿ. "ಹಾಕಸ್ತೀನಿ."

"ಹೆಸ್ರು ಹಾಕಿ ನಿದ್ದೆ ಇಟ್ರೆ ನಂಗೆ ಬ್ಯಾಡ. ನಿದ್ದೆ ತೆಗೀರಿ."

ಅಲ್ಲಿಂದ ಮುಂದೆ ನಡೆದದ್ದು ಜಗಳವೋ ನೆನಪೋ ಎಂದು ಹೇಳುವುದು ಕಷ್ಟ. ಒಬ್ಬರು ಬಿಟ್ಟಲ್ಲಿಂದ ಇನ್ನೊಬ್ಬರು ಹಿಡಿಯುತ್ತಿದ್ದರು. ಆ ಮಧ್ಯಾಹ್ನ ಒಳಗೆ ನೂರರವತ್ತು ಸೈನಿಕರಿದ್ದರು. ಸಂಜೆಯೊಳಗೆ ದಡ ಮುಟ್ಟಬೇಕು, ವೇಗ ಹೆಚ್ಚಿಸಿ ಎಂದು ಮೇಲಿನಿಂದ ಮಾತು ಬಂತು. ಇದ್ದದ್ದು ಎರಡೇ ಬಾಯ್ಲರು, ಗಾಳಿ ಊದುವ ಯಂತ್ರ ಆಗಲೇ ಕೊನೆಯ ಹಂತದಲ್ಲಿತ್ತು. ಆದರೂ ಇನ್ನೊಂದು ಬರ್ನರ್ ಹಚ್ಚಲು ಮಲ್ಲೇಶಪ್ಪ ಹೇಳಿದರು. ಎಣ್ಣೆ ಹೆಚ್ಚಾಯಿತು, ಗಾಳಿ ಸಾಲಲಿಲ್ಲ, ಕಪ್ಪು ಹೊಗೆ ಎದ್ದಿತು. ತಿಳಿ ಆಕಾಶದಲ್ಲಿ ಆ ಹೊಗೆ ಹತ್ತಾರು ಮೈಲಿಗೆ ಕಾಣುತ್ತದೆ. ಇಪ್ಪತ್ತೊಂದರ ಮಸ್ತಾನ ಹೊಗೆ ನೋಡುವ ಕನ್ನಡಿಯ ಮುಂದೆ ನಿಂತು, ಹೊಗೆ ಕರಿಗಟ್ಟಿದೆ ಎಂದು ಎರಡು ಸಲ ಕೂಗಿ ಹೇಳಿದ. ಉರಿಸು ಎಂದರು ಚೀಫ್.

"ನಮ್ಮಪ್ಪನ ಭಟ್ಟ್ಯಾಗ ಹೊಗೆ ಕರ್ರಗಾದ್ರೆ ಹೊಟ್ಟು ಹಾಕೋದು ನಿಲ್ಸ್ತಿದ್ವಿ. ಇಲ್ಲಾಂದ್ರೆ ಮಂಡಕ್ಕಿಗೆ ಮಸಿ ಹತ್ತತೈತೆ," ಎಂದು ಮಸ್ತಾನಸಾಬರು ಮೊಮ್ಮಗನ ಕಡೆ ತಿರುಗಿದರು. "ಹೊಟ್ಟಿನ ಬೆಂಕಿ ಒಳಗ ಕೆಂಡ ಇಟ್ಕೊಂಡಿರತೈತೆ, ನಿಲ್ಸಿದ್ರೂ ಆರಲ್ಲ. ಎಣ್ಣೆಗೆ ಕೆಂಡ ಇಲ್ಲ. ನಾ ಆ ಒಂದು ಬರ್ನರ್ ಮುಚ್ಚಬೇಕಿತ್ತು. ಹೋಗಿ ಎಲ್ಲಾ ಬರ್ನರಿಗೂ ಎಣ್ಣೆ ಬಿಡೋ ದೊಡ್ಡ ವಾಲ್ವ್ ತಿರುವಿದೆ. ಭಟ್ಟಿ ಕೈ. ಪೂರಾ ಕತ್ತಲಾತು."

"ನಾ ಉರಿಸು ಅಂದ್ಮೇಲೆ ತಿರುವಿದಿ," ಎಂದರು ಮಲ್ಲೇಶಪ್ಪ.

"ಹೂಂ. ನೀವ್ ಅಂದ್ಮೇಲೆನೇ. ತಪ್ಪು ನಂದು, ಚೀಫ್. ನಿದ್ದೆ ನಂದಲ್ಲ."

ಮಲ್ಲೇಶಪ್ಪ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. ಯುದ್ಧದ ಹೊತ್ತಿನಲ್ಲಿ ಮಾತು ಮೀರಿದ ಎಂದು ಬರೆದಿದ್ದರೆ ಜೈಲಾಗುತ್ತಿತ್ತು, ನಿದ್ದೆ ಎಂದರೆ ಮನೆಗೆ ಕಳಿಸುವುದರಲ್ಲಿ ಮುಗಿಯುತ್ತಿತ್ತು ಎಂದರು. ಅದೂ ನಿನ್ನ ಹೆಸರು ಕೇಳಿದ ಮೇಲೆ ಮೇಲಧಿಕಾರಿಗಳು ಬೇರೆ ಏನೇನು ಸೇರಿಸುತ್ತಿದ್ದರೋ ಎಂದರು. ನಿನ್ನನ್ನು ಉಳಿಸಲಿಕ್ಕೇ ಹಾಗೆ ಬರೆದೆ ಎಂದರು.

"ನನ್ನ ಕೇಳಿದ್ರಾ?"

ಮಲ್ಲೇಶಪ್ಪ ಕನ್ನಡಕವನ್ನು ಮತ್ತೆ ಏರಿಸಿಕೊಂಡರು.

"ಜೈಲು ಎರಡು ವರ್ಷಕ್ಕ ಮುಗೀತಿತ್ತು. ಈ ನಿದ್ದೆ ಐವತ್ತಮೂರು ವರ್ಷದಿಂದ ನಡದೈತೆ. ನನ್ನ ಹೆಸ್ರಿಗೆ ಯಾರು ಏನ್ ಸೇರಿಸ್ತಾರೋ ಸೇರಿಸ್ಲಿ. ನಾ ಎದ್ದು ನಿಂತು ಮಾಡಿದ್ದು ಅದು. ಕಣ್ಣು ತೆರೆದು."

ಆಮೇಲೆ ಮಲ್ಲೇಶಪ್ಪ ಒಂದು ದಾರಿ ಹುಡುಕಿದರು. ಹೊಗೆ ನಿಂತದ್ದರಿಂದಲೇ ಹಡಗು ಯಾರ ಕಣ್ಣಿಗೂ ಬೀಳಲಿಲ್ಲ, ತಡವಾಗಿಯಾದರೂ ಎಲ್ಲರೂ ಜೀವಂತ ದಡ ಸೇರಿದರು ಎಂದು ಬರೆಸೋಣ. ಮಸ್ತಾನಸಾಬ್ ನೂರರವತ್ತು ಜನರನ್ನು ಉಳಿಸಿದ ಎಂದು ಬರೆಸೋಣ. ಓದಿದವರು ಹೆಮ್ಮೆಪಡುತ್ತಾರೆ. ಹುಜೈಫಾ ತಲೆ ಎತ್ತಿದ. ಅವನ ಮನಸ್ಸು ಆ ವಾಕ್ಯವನ್ನು ಆಗಲೇ ಬರೆಯತೊಡಗಿತ್ತು.

"ಯಾರಾದ್ರೂ ನೋಡ್ತಿದ್ರೋ ಇಲ್ಲೋ ನಿಮಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ," ಎಂದರು ಅಜ್ಜ. "ಸುಳ್ಳಿಗೆ ಸುಳ್ಳಿಂದ ತ್ಯಾಪೆ ಹಚ್ಚಬ್ಯಾಡ್ರಿ. ಹುಜೈಫಾ, ಬರಕೋ."

ಅವನು ಪೆನ್ನು ತೆಗೆದ. ಅಜ್ಜ ಒಂದೊಂದೇ ಮಾತಾಗಿ ಹೇಳಿದರು, ಅವನು ಪುಟದ ಅಂಚಿನಲ್ಲಿ ಬರೆದ: ‘ಹೊಗೆ ಕಪ್ಪಾಯಿತು. ಸ್ಟೋಕರ್ ಮಸ್ತಾನಸಾಬ್ ಎರಡು ಸಲ ಹೇಳಿದ. ಆಮೇಲೆ ಆದೇಶ ಮೀರಿ ಎಣ್ಣೆ ನಿಲ್ಲಿಸಿದ. ಒಂದು ಬರ್ನರ್ ಮುಚ್ಚುವ ಬದಲು ಎಲ್ಲವನ್ನೂ ಮುಚ್ಚಿದ. ನೌಕೆ ನಲವತ್ತು ನಿಮಿಷ ನಿಂತಿತು.’

ಇಷ್ಟೇ ಸಾಕೇ ಎಂದು ಹುಜೈಫಾ ಕೇಳಿದ. ನಡೆದದ್ದು ಇಷ್ಟೇ ಎಂದರು.

ಮಲ್ಲೇಶಪ್ಪ ಕೈ ಚಾಚಿ ಪೆನ್ನು ಇಸಿದುಕೊಂಡರು. ಕೆಳಗೆ ಇನ್ನೊಂದು ಸಾಲು ಬರೆದರು: ‘ಬರ್ನರ್ ಹಚ್ಚಲು ಹೇಳಿದವನು, ನಿದ್ರಿಸಿದನೆಂದು ಬರೆದವನು, ಮಲ್ಲೇಶಪ್ಪ.’ ರುಜು ಹಾಕಿ ದಿನಾಂಕ ಹಾಕಿದರು. ಸಂಘದ ಉಳಿದ ನಾಲ್ವರು ಒಪ್ಪದಿದ್ದರೆ ಪುಸ್ತಕವೇ ಬೇಡ ಎಂದರು. ಮಸ್ತಾನಸಾಬರು ಓದಿಸಿ ಕೇಳಿ, ತಲೆ ಆಡಿಸಿದರು. ಚಹಾ ಬಂತು. ಕುಡಿದರು. ಹಡಗು ಆಮೇಲೆ ಏನಾಯಿತು ಎಂದು ಅಜ್ಜ ಕೇಳಿದರು. ಆ ಯುದ್ಧವಾಗಿ ಆರು ವರ್ಷದ ಮೇಲೆ ಒಡೆದು ಗುಜರಿಗೆ ಹಾಕಿದರು ಎಂದು ಮಲ್ಲೇಶಪ್ಪ ಹೇಳಿದರು. ಬಾಯ್ಲರು ಒಳ್ಳೆಯವಿದ್ದವು, ಪಾಪ ಎಂದರು ಅಜ್ಜ.

ಹೊರಡುವಾಗ ಮಲ್ಲೇಶಪ್ಪ ಗೇಟಿನವರೆಗೆ ಬಂದರು. ಅಜ್ಜ ಚಪ್ಪಲಿ ಮೆಟ್ಟುತ್ತಿದ್ದಾಗ ಅವರು ಹುಜೈಫಾನ ಪಕ್ಕ ನಿಂತರು. ಏನಾದರೂ ಅನ್ನುತ್ತಾರೆ ಎಂದು ಅವನು ಕಾದ. ಕರಡು ಪುಟಗಳನ್ನು ಸುತ್ತಿ ಅವನ ಕೈಗೆ ಕೊಟ್ಟರು, ಅಷ್ಟೇ.

ಹೆದ್ದಾರಿಗೆ ಬಂದ ಮೇಲೆ ಅಜ್ಜ ಅವನ ಕಿವಿಯ ಹತ್ತಿರ ಬಾಗಿದರು.

"ಮನುಷ್ಯ ಕೆಟ್ಟೋನಲ್ಲ. ನಿದ್ದೆ ಬರೆದದ್ದಕ್ಕ ಒಂದು ಕಾರಣನಾದ್ರೂ ಹೇಳಿದ. ಆದ್ರೆ ಹೆಸ್ರು ತೆಗೆದಿದ್ದು ಯಾಕ ಅಂತ ಕೊನೀತನಕ ಹೇಳ್ಲಿಲ್ಲ ನೋಡು. ಅದೊಂದು ನಾ ಮರೆಯಲ್ಲ."

ಹುಜೈಫಾ ಗಾಡಿಯ ವೇಗ ತಗ್ಗಿಸಿದ. ಮತ್ತೆ ಹೆಚ್ಚಿಸಿದ.

ಪುಸ್ತಕ ಎರಡು ತಿಂಗಳಿಗೆ ಬಂತು. ಹನ್ನೊಂದನೆಯ ಪುಟ ಇಬ್ಬರೂ ಹೇಳಿದಂತೆಯೇ ಇತ್ತು. ಅದೇ ವರ್ಷ ಮಲ್ಲೇಶಪ್ಪ ತೀರಿಕೊಂಡರು, ಅಜ್ಜ ಅವರ ಮಣ್ಣಿಗೆ ಹೋಗಿ ಬಂದರು. ಹೆಸರು ತೆಗೆದವನು ತಾನು ಎಂದು ಹುಜೈಫಾ ಅಜ್ಜನಿಗೆ ಯಾವತ್ತೂ ಹೇಳಲಿಲ್ಲ.