ನಾಳೆ ಎನ್ನದ ಟೈಲರು

"ಅದನ್ನ ಪಕ್ಕಕ್ಕಿಡು ಉಷಾ, ಮೊದ್ಲು ಇದನ್ನ ಹೊಲಿ," ಎಂದು ಸರ್ವಮಂಗಳಮ್ಮ ರೇಷ್ಮೆ ಬಟ್ಟೆಯ ಗಂಟನ್ನು ಹೊಲಿಗೆ ಮಿಷನ್ನಿನ ಮೇಲೆಯೇ ಇಟ್ಟರು. ಸೂಜಿಯ ಕೆಳಗೆ ಕೂಲಿಗೆ ಹೋಗುವ ಕೆಂಪಕ್ಕನ ಮಗಳ ಹಸಿರು ಬ್ಲೌಸಿನ ತೋಳು ಅರ್ಧ ಹೊಲಿದಾಗಿತ್ತು. ಉಷಾರಾಣಿ ಪೆಡಲಿನಿಂದ ಕಾಲು ತೆಗೆದಳು.

ಸವಳಂಗದ ಬಸ್‌ಸ್ಟ್ಯಾಂಡಿನ ಎದುರಿಗಿರುವ ಈ ಮಳಿಗೆ ಸರ್ವಮಂಗಳಮ್ಮನವರದು. ಉಷಾರಾಣಿ ಇದನ್ನು ಬಾಡಿಗೆಗೆ ಹಿಡಿದು ಹೊಲಿಯಲು ಕೂತು ಒಂಬತ್ತು ವರ್ಷ. ಅದರಲ್ಲಿ ಎಂಟು ವರ್ಷ ಸುಳ್ಳು ಹೇಳಿದ್ದಾಳೆ. ದೊಡ್ಡ ಸುಳ್ಳೇನಲ್ಲ, ಟೈಲರುಗಳೆಲ್ಲ ಹೇಳುವಂಥದ್ದೇ: "ನಾಳೆ ಬನ್ರಿ, ಹುಕ್ಕು ಹಾಕೋದೊಂದು ಬಾಕಿ ಐತೆ." ಬಟ್ಟೆಗೆ ಇನ್ನೂ ಕತ್ತರಿಯೇ ಬಿದ್ದಿರುತ್ತಿರಲಿಲ್ಲ! ಗಿರಾಕಿಗಳೇನು ಕಮ್ಮಿಯೇ? ಸೋಮವಾರದ ಮದುವೆಯನ್ನು ಶುಕ್ರವಾರ ಎನ್ನುತ್ತಿದ್ದರು. ಕೊನೆಗೆ ಯಾರು ಜೋರಾಗಿ ಕೂಗಿದರೋ ಅವರ ಬಟ್ಟೆ ಮೊದಲು, ಕೂಗಲಾರದವರದ್ದು ಮೂಟೆಯ ತಳಕ್ಕೆ. ಹೋದ ವರ್ಷ ಹಾಗೆ ತಳ ಸೇರಿದ್ದು ಇದೇ ಕೆಂಪಕ್ಕನ ಮಗಳ ಮದುವೆಯ ಬ್ಲೌಸು. ಆ ಹುಡುಗಿ ಅತ್ತಿಗೆಯ ದೊಗಳೆ ಬ್ಲೌಸಿಗೆ ಪಿನ್ನು ಚುಚ್ಚಿಕೊಂಡು ಧಾರೆಗೆ ಕೂತಳು. ಅವತ್ತು ಉಷಾರಾಣಿಗೆ ತನ್ನ ಮೇಲೆ ತನಗೇ ಥೂ ಅನ್ನಿಸಿಬಿಟ್ಟಿತು.

ಮರುದಿನವೇ ಡೈರಿ ತಂದಳು. ದಿನಕ್ಕೆ ನಾಲ್ಕೇ ಬ್ಲೌಸು, ಅದೂ ಬಂದ ಸಾಲಿನಲ್ಲೇ. ಬೆಳಗ್ಗೆಯೆಲ್ಲ ಕತ್ತರಿ, ಊಟವಾದ ಮೇಲೆ ಮಿಷನ್ನು. ಹೊಲಿಯುವಷ್ಟು ಹೊತ್ತು ಫೋನು ದಾರದ ಡಬ್ಬಿಯೊಳಗೆ. "ಬ್ಯಾಂಕ್ ಮ್ಯಾನೇಜರ್ ಆಗ್ಯಾಳೆ ಬಿಡ್ರಿ," ಎಂದು ಊರು ನಕ್ಕಿತು. ನಗಲಿ. ಈ ಒಂದು ವರ್ಷದಲ್ಲಿ ಒಂದು ಬಟ್ಟೆಯೂ ತಡವಾಗಿಲ್ಲ.

"ಅಮ್ಮಾರೆ, ಇದು ಕೆಂಪಕ್ಕನ ಮಗಳ ಸೀಮಂತದ್ದು. ನಾಳೆ ಬೆಳಗ್ಗೆ ತೊಟ್ಕೋಬೇಕು. ನಾಲ್ಕು ಗಂಟೆಗೆ ಕೊಡ್ತೀನಿ ಅಂದೀನಿ. ನಿಮ್ದು ಸೋಮವಾರ ಕೊಡ್ತೀನ್ರಿ."

"ಶುಕ್ರವಾರ ನಮ್ಮನೆ ಗೃಹಪ್ರವೇಶ ಕಣೆ!"

"ಕಾರ್ಡಿನಾಗೆ ಬರೋ ಬುಧವಾರ ಅಂತ ಐತಲ್ರಿ. ನಂಗೂ ಕೊಟ್ಟೀರಿ."

ಸರ್ವಮಂಗಳಮ್ಮನವರ ಮುಖ ಕೆಂಪಗಾಯಿತು. "ಕೂಲಿಗೆ ಹೋಗೋರ ಬಟ್ಟೆ ಮೊದ್ಲು, ಮಳಿಗೆ ಕೊಟ್ಟೋರದ್ದು ಆಮೇಲೆ. ಹಂಗಾ?"

"ಮೊದ್ಲು ಬಂದೋರದ್ದು ಮೊದ್ಲು, ಅಷ್ಟೇರಿ."

"ಓಹೋ! ಹಂಗಾದ್ರೆ ಭಾನುವಾರದೊಳಗೆ ನನ್ನ ಮಳಿಗೆ ಖಾಲಿ ಮಾಡು!"

ಉಷಾರಾಣಿ ಮಳಿಗೆಯನ್ನೊಮ್ಮೆ ಸುತ್ತ ನೋಡಿದಳು. ಇದು ಹೋದರೆ ಊರಿನಲ್ಲಿ ಬೇರೆ ಮಳಿಗೆಯಿಲ್ಲ, ಮನೆಯಲ್ಲಿ ಮಿಷನ್ ಇಡುವಷ್ಟೂ ಜಾಗವಿಲ್ಲ. ನಾಳೆ ಕೊಡ್ತೀನಿ ಅಮ್ಮಾರೆ ಅಂದುಬಿಟ್ಟರೆ ಮುಗಿಯಿತು. ಎಂಟು ವರ್ಷ ಅಂದ ಮಾತೇ, ನಾಲಿಗೆಯ ತುದಿಗೂ ಬಂತು. ಅದನ್ನು ನುಂಗಿಕೊಂಡು ಡೈರಿ ಬಿಡಿಸಿ, ಸಾಲುಗಳ ಮೇಲೆ ಬೆರಳಾಡಿಸಿದಳು.

"ಭಾನುವಾರ ಆಗಲ್ರಿ, ನಾಲ್ಕೂ ತುಂಬ್ಯಾವೆ. ಸೋಮವಾರ ನಿಮ್ದೇ ರೇಷ್ಮೆ ಬ್ಲೌಸು. ಬುಧವಾರ ನಿಮ್ಮನೆ ಗೃಹಪ್ರವೇಶಕ್ಕೆ ಬರ್ಬೇಕು. ಖಾಲಿ ಮಾಡಾಕೆ ಗುರುವಾರ ಮಧ್ಯಾಹ್ನ ಬಿಡುವೈತೆ. ಬರ್ಕೊಳ್ಳಲೇನ್ರಿ?"

ಉಷಾರಾಣಿ ಗುರುವಾರದ ಹಾಳೆಯಲ್ಲಿ 'ಮಳಿಗೆ ಖಾಲಿ' ಎಂದು ದುಂಡಗೆ ಬರೆದಳು. ರೇಷ್ಮೆಯ ಗಂಟನ್ನು ಎರಡೂ ಕೈಯಲ್ಲಿ ಮೆಲ್ಲಗೆ ಎತ್ತಿ ಸೋಮವಾರದ ಕಪಾಟಿನಲ್ಲಿಟ್ಟಳು. ಆಮೇಲೆ ಹಸಿರು ತೋಳನ್ನು ಸೂಜಿಯ ಕೆಳಗೆ ಸರಿಮಾಡಿಕೊಂಡು ಪೆಡಲು ತುಳಿದಳು. ಆಗ ಮೂರೂಕಾಲು ಗಂಟೆ.