ಇಲ್ಲ ಎಂದು ಬರೆದ ಮಕ್ಕಳು

ಆಫೀಸಿನಲ್ಲಿ ನನಗೆ ಕಂಪ್ಯೂಟರಮ್ಮ ಎಂದು ಹೆಸರು. ಎದುರಿಗೆ ಯಾರೂ ಹಾಗೆ ಅನ್ನುವುದಿಲ್ಲ, ಅಂದರೆ ಏನಾಗುತ್ತದೆ ಎಂದು ಅವರಿಗೆ ಚೆನ್ನಾಗಿ ಗೊತ್ತು. ಹದಿನೇಳು ವರ್ಷದಿಂದ ಈ ಆಹಾರ ಸಂಶೋಧನಾ ಸಂಸ್ಥೆಯ ಮೂರನೇ ಮಹಡಿಯಲ್ಲಿ ಕೂತು, ಶಾಲೆಗಳಿಂದ ಬರುವ ಹಾಳೆಗಳನ್ನು ಕಂಪ್ಯೂಟರಿಗೆ ತುಂಬಿಸುತ್ತಿದ್ದೇನೆ. ಯಾವ ಮಗು ಎಷ್ಟು ತೂಗಿತು, ಎಷ್ಟು ಎತ್ತರ ಬೆಳೆಯಿತು, ಯಾವುದಕ್ಕೆ ಯಾವ ವಾರ ಕಾಯಿಲೆಯಾಯಿತು, ಎಲ್ಲ ನನ್ನ ಬೆರಳಿನಡಿಯಿಂದಲೇ ಹೋಗಬೇಕು. ಬೇರೆಯವರ ತಪ್ಪು ಹಿಡಿಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ಬೇರೆ. ಆ ಶುಕ್ರವಾರ ಬೆಳಿಗ್ಗೆ ಒಂಬತ್ತು ಗಂಟೆಯವರೆಗೂ ಅದು ಗಟ್ಟಿಯಾಗಿಯೇ ಇತ್ತು.

ಅವತ್ತು ಹನ್ನೊಂದಕ್ಕೆ ಕೆಳಗಿನ ಹಾಲ್‌ನಲ್ಲಿ ಶಾಲಾ ಊಟದ ಸಮಿತಿಯ ಸಭೆ. ಮಕ್ಕಳ ಊಟಕ್ಕೆ ಹೊಸ ಕಬ್ಬಿಣದ ಪುಡಿಯನ್ನು ಬೆರೆಸಬೇಕೋ ಬೇಡವೋ ಎಂಬುದು ಅಲ್ಲಿ ತೀರ್ಮಾನವಾಗಬೇಕಿತ್ತು. ರಕ್ತ ಕಮ್ಮಿಯಿರುವ ಮಕ್ಕಳಿಗೆ ಒಳ್ಳೆಯದು ಎಂದು ನಮ್ಮ ಸಂಸ್ಥೆಯೇ ಮಾಡಿದ ಪುಡಿ. ಹದಿನಾರು ಶಾಲೆಗಳಲ್ಲಿ ಹನ್ನೆರಡು ವಾರ ಪರೀಕ್ಷೆ ನಡೆದಿತ್ತು. ಎಂಟು ಶಾಲೆಗೆ ನೀಲಿ ಡಬ್ಬಿಯಲ್ಲಿ ನಿಜವಾದ ಪುಡಿ, ಎಂಟು ಶಾಲೆಗೆ ಹಳದಿ ಡಬ್ಬಿಯಲ್ಲಿ ಬರೀ ಹಿಟ್ಟು. ನೀಲಿ ಶಾಲೆಗಳ ಮಕ್ಕಳಲ್ಲಿ ರಕ್ತ ಏರಿತ್ತು, ಅದು ಸುಳ್ಳಲ್ಲ. ಕಾಯಿಲೆ ಎರಡು ಕಡೆಯೂ ಒಂದೇ ಅಂತ ನನ್ನ ಪಟ್ಟಿ ಹೇಳಿತ್ತು. ಸಮಿತಿ ಹೂಂ ಎಂದರೆ ಸೋಮವಾರದಿಂದ ನಾಲ್ಕು ನೂರು ಶಾಲೆಗಳಲ್ಲಿ ಶುರು. ಡಬ್ಬಿಗಳು ಶಾಲೆ ಸೇರಿಯೂ ಆಗಿತ್ತು. ನನ್ನ ಮಗಳು ಮೂರನೇ ಕ್ಲಾಸು ಓದುವ ಶಾಲೆಯ ಅಡುಗೆಮನೆಯಲ್ಲೂ ಆರು ಡಬ್ಬಿ ಕೂತಿದ್ದವು.

ಸಭೆಗೆ ಕೊಡುವ ಹಾಳೆಗಳನ್ನು ಕೊನೆಯ ಸಲ ತಾಳೆ ನೋಡುತ್ತಿದ್ದೆ. ವಾರವಾರದ ತೂಕಗಳಲ್ಲಿ ಅಲ್ಲಲ್ಲಿ ಖಾಲಿ ಬಿಟ್ಟದ್ದನ್ನು ಲೆಕ್ಕಕ್ಕಿಟ್ಟಿರಲಿಲ್ಲ, ಆದರೆ ಸಭೆಗೆ ಕೊನೆಯ ತೂಕ ಬೇಕೇ ಬೇಕು. ಮೊದಲು ಕಣ್ಣಿಗೆ ಬಿದ್ದದ್ದು ಒಂದು ನೀಲಿ ಶಾಲೆಯ ಇಪ್ಪತ್ತಮೂರನೇ ನಂಬರಿನ ಮಗುವಿನ ಖಾಲಿ ತೂಕ. ನಮ್ಮ ಹಾಳೆಗಳಲ್ಲಿ ಮಕ್ಕಳ ಹೆಸರಿರುವುದಿಲ್ಲ, ನಂಬರು ಮಾತ್ರ. ತೂಕ ಬರೆಯಲು ಮರೆತಿದ್ದಾಳೆ ಎಂದು ಬೈದುಕೊಂಡು ಅಳತೆಯಕ್ಕನಿಗೆ ಫೋನ್ ಮಾಡಿದೆ. ವಾರವಾರ ಶಾಲೆಶಾಲೆಗೆ ಹೋಗಿ ಮಕ್ಕಳನ್ನು ತೂಗಿ, ಅಳೆದು, ಹಾಳೆ ತುಂಬಿದವಳು ಅವಳೊಬ್ಬಳೇ.

"ಏನಕ್ಕ, ಇಪ್ಪತ್ತಮೂರರ ತೂಕ ನುಂಗಿಬಿಟ್ಯಾ?" ಎಂದೆ.

"ಅವಳಾ? ಅವತ್ತು ಅವಳು ಬಂದೇ ಇರ್ಲಿಲ್ಲ ಕಣೆ. ಇಲ್ಲ ಅಂತ ಬರ್ದಿದ್ದೀನಲ್ಲ, ನೋಡು."

ನೋಡಿದೆ. ಕಾಯಿಲೆಯ ಕಾಲಂನಲ್ಲಿ ಅವಳ ದುಂಡು ಅಕ್ಷರದಲ್ಲಿ "ಇಲ್ಲ" ಎಂದಿತ್ತು.

"ಇದು ಕಾಯಿಲೆ ಇಲ್ಲ ಅಂತ ಅಲ್ವಾ?"

"ಅಯ್ಯೋ, ಮಗೂನೇ ಇಲ್ಲ ಅಂತ! ಹಾಜರಿ ಕೂಗಿದಾಗ ಮಿಕ್ಕ ಮಕ್ಳು ಇಲ್ಲ ಅಂತಾರಲ್ಲ, ಹಾಗೆ. ಚೆನ್ನಾಗಿದ್ದೋರಿಗೆಲ್ಲ ಸರಿ ಅಂತ ಬರ್ದಿದ್ದೀನಿ."

ಬಾರದ ಮಗುವಿಗೆ ಗೀಟು ಎಳೆಯಬೇಕು ಎಂದು ತರಬೇತಿಯಲ್ಲಿ ಹೇಳಿದ್ದರು. ತರಬೇತಿಯ ದಿನ ಅಳತೆಯಕ್ಕ ಹಲ್ಲುನೋವೆಂದು ಬಂದಿರಲಿಲ್ಲ. ಆದರೆ ಅವಳ ತಪ್ಪು ಎಲ್ಲಿಂದ ಬಂತು? ಒಂದು ಹಾಳೆಯಲ್ಲಿ "ಸರಿ" ಮತ್ತು "ಇಲ್ಲ" ಎರಡೂ ಇದ್ದುದನ್ನು ಮೊದಲ ವಾರವೇ ಕಂಡವಳು ನಾನು. ಎರಡೂ ಒಂದೇ ಬಿಡು ಎಂದುಕೊಂಡು ಎರಡಕ್ಕೂ ಸೊನ್ನೆ ಒತ್ತಿದವಳೂ ನಾನೇ. ಒಂದು ಫೋನ್ ಮಾಡಿ ಕೇಳಲಿಲ್ಲ. ಹನ್ನೆರಡು ವಾರ, ಕೇಳಲಿಲ್ಲ. ನನ್ನ ಜಂಬಕ್ಕಿಷ್ಟು ಬೆಂಕಿ ಬೀಳ!

"ಅಕ್ಕ, ಬರದೇ ಇದ್ದ ಮಕ್ಳು ಯಾಕೆ ಬರ್ಲಿಲ್ಲ ಅಂತ ಗೊತ್ತಾ?"

"ಹೊಟ್ಟೆನೋವು, ವಾಂತಿ ಅಂತ ಜೊತೆ ಮಕ್ಳು ಹೇಳೋವು. ಅದನ್ನ ಬರಿಯೋಕೆ ನಿಮ್ಮ ಹಾಳೇಲಿ ಜಾಗ ಎಲ್ಲಿತ್ತು?"

ಫೋನ್ ಕೆಳಗಿಟ್ಟು ಬೀರುವಿನಿಂದ ಹಾಳೆಗಳ ಕಟ್ಟು ಎಳೆದೆ. ಕಂಪ್ಯೂಟರಿನಲ್ಲಿ ಎಲ್ಲವೂ ಸೊನ್ನೆಯೇ, ಅದರಲ್ಲಿ ಹುಡುಕಿ ಪ್ರಯೋಜನವಿಲ್ಲ. ಕೈಯಲ್ಲೇ ಎಣಿಸಬೇಕು. ಹದಿನಾರು ಶಾಲೆಗೆ ಹೊತ್ತಿರಲಿಲ್ಲ, ಕಣ್ಣುಮುಚ್ಚಿ ಎರಡು ನೀಲಿ ಕಟ್ಟು, ಎರಡು ಹಳದಿ ಕಟ್ಟು ಎತ್ತಿಕೊಂಡೆ. ಎರಡು ಸಲ ಲೆಕ್ಕ ತಪ್ಪಿ ಮತ್ತೆ ಮೊದಲಿನಿಂದ ಎಣಿಸಿದೆ. ಹಳದಿಯಲ್ಲಿ ನಲವತ್ತೊಂದು "ಇಲ್ಲ". ನೀಲಿಯಲ್ಲಿ ನೂರ ನಲವತ್ತಾರು.

ಮತ್ತೆ ಎಣಿಸಿದೆ. ನೂರ ನಲವತ್ತಾರೇ.

ಆಗಲೇ ಇನ್ನೊಂದು ಕಂಡಿತು. ಇಪ್ಪತ್ತಮೂರನೇ ನಂಬರಿನ ಮುಂದೆ ಮೊದಲ ಐದು ವಾರ "ಸರಿ". ಆರನೇ ವಾರ "ಇದೆ", ಅಂದರೆ ಕಾಯಿಲೆ. ಏಳನೇ ವಾರ "ಇದೆ". ಎಂಟರಿಂದ ಹನ್ನೆರಡರವರೆಗೆ ಐದು ವಾರವೂ "ಇಲ್ಲ", "ಇಲ್ಲ", "ಇಲ್ಲ". ಈ ಹಾಳು ಪದಕ್ಕೆ ಮೂರನೆಯ ಅರ್ಥವೂ ಒಂದಿದೆ, ಮನುಷ್ಯರ ವಿಷಯಕ್ಕೆ ಬಂದರೆ. ಅದು ನೆನಪಾದ ಕೂಡಲೇ ಫೋನ್ ಎತ್ತಿಕೊಂಡೆ.

ಅಳತೆಯಕ್ಕನಿಗೆ ಮತ್ತೆ ಮಾಡಿದೆ. "ಅಕ್ಕ, ಆ ಹುಡುಗಿ... ಇದ್ದಾಳೆ ತಾನೆ?"

"ಗೊತ್ತಿಲ್ಲ ಕಣೆ. ಎರಡು ಜಡೆ ಹುಡುಗಿ. ತೂಕದ ಮೆಷಿನ್ ಮೇಲೆ ನಿಂತು ಉಸಿರು ಬಿಗಿ ಹಿಡಿಯೋಳು, ಜಾಸ್ತಿ ತೂಗ್ಲಿ ಅಂತ. ಆಮೇಲೆ ಬರ್ಲೇ ಇಲ್ಲ. ಮನೆಗೆ ಹೋಗಿ ನೋಡು ಅಂತ ನಂಗ್ಯಾರೂ ಹೇಳ್ಲಿಲ್ಲ."

"ನಾನು ಹೇಳ್ತಿದ್ದೀನಿ. ಈಗ್ಲೇ ಹೋಗು, ಕೈ ಮುಗೀತೀನಿ."

ನಿರ್ದೇಶಕಿ ಮೇಡಂ ಕೋಣೆಗೆ ಹೋದಾಗ ಹತ್ತೂಕಾಲು. ಮೇಡಂ ಕನ್ನಡಕವನ್ನು ಹಣೆಗೇರಿಸಿ ತಮ್ಮ ಭಾಷಣ ಓದಿಕೊಳ್ಳುತ್ತಿದ್ದರು. ನಾನು ತೊದಲುತ್ತ ಎಲ್ಲ ಹೇಳಿದೆ. ಅವರು ಭಾಷಣ ಕೆಳಗಿಟ್ಟರು. ಎದ್ದು ಬಾಗಿಲು ಹಾಕಿದರು.

"ನಾಲ್ಕೇ ಕಟ್ಟು ಎಣಿಸಿದ್ದೀಯ?"

"ಹೌದು ಮೇಡಂ. ಟೈಮಿರಲಿಲ್ಲ."

"ಶಾಲೆಗೆ ಬರದೇ ಇರೋಕೆ ಸಾವಿರ ಕಾರಣ ಇರುತ್ತಮ್ಮ. ಅರ್ಧಕ್ಕರ್ಧ ಮಕ್ಕಳಿಗೆ ಮೈಯಲ್ಲಿ ರಕ್ತ ಇಲ್ಲ, ಅದು ನಿನಗೂ ಗೊತ್ತು. ಇವತ್ತು ತಪ್ಪಿದ್ರೆ ಇನ್ನೊಂದು ವರ್ಷ ಹೋಗುತ್ತೆ. ಆ ಮಕ್ಕಳ ಗತಿ ಏನು?" ಅವರ ಧ್ವನಿಯೂ ನಡುಗುತ್ತಿತ್ತು. ಅದು ನನಗೆ ಇನ್ನೂ ಭಯ ಹುಟ್ಟಿಸಿತು. "ಶುರುವಾಗಲಿ. ಜೊತೆಜೊತೆಗೇ ತಿದ್ದೋಣ. ಇವತ್ತು ಬಾಯಿ ಬಿಡಬೇಡ. ಕೆಲಸ ಮೊದಲು ಹೋಗೋದು ನಿಂದು, ನೆನಪಿರಲಿ."

ಹೊರಗೆ ಬಂದೆ. ಮೆಟ್ಟಿಲ ಮೇಲೆಯೇ ಕೂತೆ. ಆಮೇಲೆ ಮಾಡಿದ್ದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಮಗಳ ಶಾಲೆಗೆ ಫೋನ್ ಮಾಡಿದೆ. "ಮಿಸ್, ಸೋಮವಾರದಿಂದ ನನ್ನ ಮಗಳು ಮನೆಯಿಂದ್ಲೇ ಊಟ ತರ್ತಾಳೆ. ಅವಳ ತಟ್ಟೆಗೆ ಶಾಲೆ ಊಟ ಬಡಿಸ್ಬೇಡಿ."

"ಯಾಕಮ್ಮ, ಹುಷಾರಿಲ್ವಾ?"

"ಹುಷಾರಾಗಿದ್ದಾಳೆ. ಹುಷಾರಾಗೇ ಇರ್ಲಿ ಅಂತ."

ಟೀಚರ್ ನಕ್ಕರು. ಆಗಲಿ, ಬರೆದುಕೊಂಡೆ ಎಂದರು. ಒಂದು ನಿಮಿಷ ಜೀವಕ್ಕೆ ಹಾಯೆನಿಸಿತು. ಮರುಕ್ಷಣ, ಅದೇ ಬೆಂಚಿನಲ್ಲಿ ಅವಳ ಪಕ್ಕ ಕೂರುವ, ದಿನಾ ಅವಳ ರಬ್ಬರ್ ಕಳೆಯುವ ಹುಡುಗಿ ಕಣ್ಣ ಮುಂದೆ ಬಂದಳು. ಅವಳ ಅಮ್ಮ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಅವಳಿಗೆ ಈ ಹಾಳೆಗಳ ವಿಷಯ ಯಾರು ಹೇಳಬೇಕು?

ಸಭೆಯಲ್ಲಿ ನನ್ನ ಜಾಗ ಗೋಡೆ ಬದಿಯ ಕುರ್ಚಿ. ಹಾಳೆ ಹಂಚುವುದು, ಕೇಳಿದ ಅಂಕಿ ಹುಡುಕಿ ಕೊಡುವುದು, ಅಷ್ಟೇ. ಫೋನ್ ಸದ್ದು ಮಾಡದಂತೆ ಇಟ್ಟು ಮಡಿಲಲ್ಲಿ ಹಿಡಿದುಕೊಂಡಿದ್ದೆ. ಅಳತೆಯಕ್ಕನಿಂದ ಸುದ್ದಿಯಿಲ್ಲ. ಮೇಡಂ ರಕ್ತದ ಅಂಕಿಗಳನ್ನು ಚೆನ್ನಾಗಿಯೇ ಹೇಳಿದರು. ಸಮಿತಿಯ ಅಧ್ಯಕ್ಷರು ವಯಸ್ಸಾದ ಮಕ್ಕಳ ಡಾಕ್ಟರು, ಮಾತು ಕಮ್ಮಿ. ಅವರು ಒಂದೇ ಪ್ರಶ್ನೆ ಕೇಳಿದರು.

"ಪುಡಿ ತಿಂದ ಮಕ್ಕಳಲ್ಲಿ ಕಾಯಿಲೆ ಹೆಚ್ಚಾಗಿದೆಯೇ?"

ಮೇಡಂ ಒಂದು ಸಲ ನನ್ನ ಕಡೆ ನೋಡಿದರು. "ಇಲ್ಲ," ಎಂದರು.

ನಾನು ಎದ್ದು ನಿಂತೆ. ನಿಲ್ಲಬೇಕೆಂದು ನಿಂತದ್ದಲ್ಲ, ಕೂರಲಾಗಲಿಲ್ಲ. ಮಡಿಲಲ್ಲಿದ್ದ ಹಾಳೆಗಳೆಲ್ಲ ನೆಲಕ್ಕೆ ಚೆಲ್ಲಿದವು. "ಸರ್, ಆ ಇಲ್ಲ ನಾನು ಮಾಡಿದ್ದು," ಎಂದೆ. ಹನ್ನೆರಡು ತಲೆಗಳು ನನ್ನತ್ತ ತಿರುಗಿದವು. ಬಾರದ ಮಕ್ಕಳಿಗೆ ಸೊನ್ನೆ ಒತ್ತಿದ್ದು, ನಾಲ್ಕು ಕಟ್ಟು, ನಲವತ್ತೊಂದು, ನೂರ ನಲವತ್ತಾರು, ಎಲ್ಲ ಒಂದೇ ಉಸಿರಿನಲ್ಲಿ ಒದರಿದೆ.

"ಪುಡಿಯಿಂದಲೇ ಕಾಯಿಲೆ ಬಂತು ಅನ್ನೋದಕ್ಕೆ ಸಾಕ್ಷ್ಯ ಇದೆಯಾ ನಿಮ್ಮ ಹತ್ತಿರ?" ಅಧ್ಯಕ್ಷರು ಕೇಳಿದರು.

"ಇಲ್ಲ ಸರ್."

"ಮತ್ತೆ?"

"ಕಾಯಿಲೆ ಬರಲ್ಲ ಅನ್ನೋದಕ್ಕೂ ಇಲ್ಲ ಸರ್. ಇದೆ ಅಂದ್ಕೊಂಡಿದ್ವಿ. ಅದು ಬರೀ ನನ್ನ ಬೆರಳು ಒತ್ತಿದ ಸೊನ್ನೆ."

ಸರಬರಾಜಿನ ಅಧಿಕಾರಿಗೆ ರೇಗಿತು. "ಡಬ್ಬಿಗಳು ಶಾಲೆ ಸೇರಿಬಿಟ್ಟಿವೆ ಸರ್. ಟೈಪ್ ಮಾಡೋರು ಎದ್ದು ನಿಂತು ಏನೋ ಅಂದ್ರು ಅಂತ ನಿಲ್ಸೋಕಾಗುತ್ತಾ? ಈಯಮ್ಮನಿಗೇ ಖಾತ್ರಿ ಇಲ್ಲ."

ಹೌದು, ಖಾತ್ರಿ ಇರಲಿಲ್ಲ. ಇದ್ದದ್ದು ಹೆದರಿಕೆಯೊಂದೇ. ಅದನ್ನೇ ಹೇಳಿಬಿಟ್ಟೆ. "ಮುಕ್ಕಾಲು ಗಂಟೆ ಮುಂಚೆ ನನ್ನ ಮಗಳ ಶಾಲೆಗೆ ಫೋನ್ ಮಾಡಿ, ಅವಳಿಗೆ ಶಾಲೆ ಊಟ ಬೇಡ ಅಂದೆ ಸರ್. ನನ್ನ ಮಗಳೊಬ್ಬಳಿಗೆ ಮಾತ್ರ. ಮಿಕ್ಕ ಮಕ್ಕಳ ಅಮ್ಮಂದಿರಿಗೆ ಫೋನ್ ಮಾಡೋರು ಯಾರು?"

ಮೇಡಂ ತಲೆ ತಗ್ಗಿಸಿ ತಮ್ಮ ಭಾಷಣದ ಹಾಳೆಯನ್ನು ಮಡಚಿದರು, ಮತ್ತೆ ಮಡಚಿದರು. ಅಧ್ಯಕ್ಷರು ನಡಾವಳಿ ಬರೆಯುವವರಿಗೆ ಹೇಳಿದರು. "ಬರೆದುಕೊಳ್ಳಿ. ಡಬ್ಬಿ ಯಾರೂ ತೆರೆಯಬಾರದು. ಶಾಲೆಗೆ ಬಾರದೆ ಹೋದ ಪ್ರತಿ ಮಗುವಿನ ಮನೆಗೂ ಹೋಗಿ ಕೇಳಬೇಕು, ಎರಡು ಬಣ್ಣದ ಶಾಲೆಗಳಲ್ಲೂ. ಅಲ್ಲಿಯವರೆಗೆ ತೀರ್ಮಾನ ಇಲ್ಲ." ನನ್ನ ಕಡೆ ತಿರುಗಿ, "ನಿಮ್ಮ ಮೇಲೆ ವಿಚಾರಣೆ ಆಗುತ್ತೆ, ತಿಳೀತಾ?" ಎಂದರು.

"ಆಗಲಿ ಸರ್," ಎಂದು ಹಾಳೆ ಹೆಕ್ಕಿಕೊಂಡು ಹೊರಗೆ ಬಂದೆ.

ಫೋನ್ ನೋಡಿದರೆ ಅಳತೆಯಕ್ಕನ ಒಂಬತ್ತು ಕರೆ. ಒಳ್ಳೆಯ ಸುದ್ದಿ ಹೇಳಲು ಯಾರು ಒಂಬತ್ತು ಸಲ ಮಾಡುತ್ತಾರೆ? ಕಾರಿಡಾರಿನ ಗೋಡೆಗೆ ಒರಗಿ ನಿಂತೆ. ಕೆಲಸ ಹೋಗುವ ಭಯ, ವಿಚಾರಣೆಯ ಭಯ ಯಾವುದೂ ಈಗ ಲೆಕ್ಕಕ್ಕಿರಲಿಲ್ಲ. ನಂಬರು ಒತ್ತಲು ಬೆರಳು ಮುಂದಾಗಲಿಲ್ಲ. ಹದಿನೇಳು ವರ್ಷ ಒಂದು ನಿಮಿಷ ಸುಮ್ಮನಿರದ ಬೆರಳು. ಕಣ್ಣು ಮುಚ್ಚಿಕೊಂಡು ಒತ್ತಿದೆ.

"ಎಲ್ಲಿ ಸತ್ತಿದ್ಯೇ? ಎಷ್ಟು ಸಲ ಮಾಡೋದು!" ಎಂದಳು ಅಳತೆಯಕ್ಕ. "ತಗೋ, ಅವಳ ಹತ್ರಾನೇ ಮಾತಾಡು."

ಸರಸರ ಸದ್ದು. ಆಮೇಲೆ ಒಂದು ಸಣ್ಣ ದನಿ. "ಹಲೋ? ಯಾರು?"

ಗೋಡೆಗೆ ಒರಗಿದ್ದವಳು ಹಾಗೇ ಜಾರಿ ನೆಲದ ಮೇಲೆ ಕೂತೆ. ಅಳು ಬಂದುಬಿಟ್ಟಿತು. ಹೇಗೋ ನುಂಗಿಕೊಂಡು, "ಪುಟ್ಟಿ, ನಾನು ಹಾಳೆ ಬರಿಯೋ ಆಫೀಸಿನ ಆಂಟಿ. ಹೇಗಿದ್ದೀಯಾ?" ಎಂದೆ.

"ಈಗ ಪರ್ವಾಗಿಲ್ಲ. ಮೊದ್ಲು ಹೊಟ್ಟೆ ತುಂಬಾ ನೋಯೋದು, ರಾತ್ರಿಯೆಲ್ಲ ವಾಂತಿ. ಸುಸ್ತು ಅಂತ ಅಮ್ಮ ಶಾಲೆ ಬಿಡಿಸಿದ್ರು."

"ಯಾವಾಗ ಶುರುವಾಯ್ತು ಪುಟ್ಟಿ? ನೆನಪು ಮಾಡ್ಕೊಂಡು ಹೇಳು."

"ಊಟಕ್ಕೆ ಆ ಪುಡಿ ಹಾಕೋಕೆ ಶುರು ಮಾಡಿದ್ರಲ್ಲ, ಆಮೇಲೆ. ಟೀಚರ್‌ಗೂ ಹೇಳಿದ್ದೆ, ಅಡುಗೆ ಅಜ್ಜಿಗೂ ಹೇಳಿದ್ದೆ. ಯಾರೂ ಬರ್ಕೊಳ್ಲಿಲ್ಲ."

ಇದೊಂದು ಮಗುವಿನ ಮಾತು. ಒಂದು ಮಗುವಿನ ಮಾತು ಸಾಕ್ಷ್ಯವಲ್ಲ, ಅಷ್ಟು ನನಗೂ ಗೊತ್ತು. ಸಭೆಯ ಹಾಳೆಯೊಂದನ್ನು ಮಗುಚಿ ಮೊಣಕಾಲ ಮೇಲಿಟ್ಟುಕೊಂಡು ಪೆನ್ಸಿಲ್ ತೆಗೆದೆ.

"ನಾನು ಬರ್ಕೋತಿದ್ದೀನಿ, ಹೇಳು," ಎಂದೆ.

ಅತ್ತ ಕಡೆ ಅವಳು ಯಾರನ್ನೋ ಕೂಗಿ ಏನೋ ಹೇಳಿದಳು. ಬಾಗಿಲು ತೆರೆದ ಸದ್ದು, ಓಡಾಡುವ ಕಾಲುಗಳ ಸದ್ದು ಕೇಳಿಸಿತು.

"ಆಂಟಿ, ನಮ್ಮ ಬೀದೀಲೇ ಇನ್ನೂ ಆರು ಜನ ಶಾಲೆ ಬಿಟ್ಟಿದ್ದಾರೆ. ಅವ್ರನ್ನೂ ಕರೀಲಾ?"

"ಎಲ್ಲರನ್ನೂ ಕರಿ," ಎಂದೆ. ಹಾಳೆಯ ಮೇಲೆ ಒಂದರ ಕೆಳಗೊಂದು ಏಳು ಗೆರೆ ಎಳೆದೆ.